ಆರ್ಕೇಡ್ ಕ್ಯಾಬಿನೆಟ್ಟಿಗೆ ಒಂದೇ ಪವರ್ ಗುಂಡಿ: ವೈರಿಂಗ್ ಮಾಡುವುದು ಹೇಗೆ?

ಮನೆಯಲ್ಲೇ ಪ್ಲೈವುಡ್ಡಿನಿಂದ ಕಟ್ಟಿದ ಆರ್ಕೇಡ್ ಕ್ಯಾಬಿನೆಟ್ಟಿನ (ನಾಣ್ಯ ಹಾಕಿ ನಿಂತು ಆಡುವ ವಿಡಿಯೋ ಗೇಮ್ ಯಂತ್ರದಂಥ ಪೆಟ್ಟಿಗೆ) ಹಿಂಬಾಗಿಲು ತೆಗೆದು ನೋಡಿದರೆ ಸಾಮಾನ್ಯವಾಗಿ ಒಂದು ಎಕ್ಸ್‌ಟೆನ್ಶನ್ ಬೋರ್ಡು, ಅದರಲ್ಲಿ ನಾಲ್ಕು ಪ್ಲಗ್ಗು ಕಾಣುತ್ತವೆ. ಕಂಪ್ಯೂಟರಿನದೊಂದು, ಪರದೆಯದೊಂದು, ಸ್ಪೀಕರಿನ ಆಂಪ್ಲಿಫೈಯರಿನದೊಂದು, ತಲೆಯ ಮೇಲಿನ ಹೆಸರಿನ ಫಲಕ ಬೆಳಗುವ ದೀಪದ್ದೊಂದು. ಮಕ್ಕಳು ಆಡಬೇಕೆಂದರೆ ದೊಡ್ಡವರು ಯಾರಾದರೂ ಬಂದು ಒಂದೊಂದನ್ನೇ ಹಾಕಬೇಕು. ಆಟ ಮುಗಿದ ಮೇಲೆ ಕೀಬೋರ್ಡ್ ಹುಡುಕಿ ಶಟ್‌ಡೌನ್ ಕೊಟ್ಟು, ಮತ್ತೆ ಒಂದೊಂದನ್ನೇ ಆರಿಸಬೇಕು. ಇದೆಲ್ಲ ಒಂದೇ ಗುಂಡಿಯಿಂದ ಆಗಬೇಕು: ಒತ್ತಿದರೆ ಎಲ್ಲವೂ ಹೊತ್ತಿಕೊಳ್ಳಬೇಕು, ಇನ್ನೊಮ್ಮೆ ಒತ್ತಿದರೆ ಕಂಪ್ಯೂಟರ್ ಕ್ರಮವಾಗಿ ಶಟ್‌ಡೌನ್ ಆಗಿ ಉಳಿದದ್ದೆಲ್ಲ ತಾನಾಗಿ ಆರಬೇಕು.

ಎಕ್ಸ್‌ಟೆನ್ಶನ್ ಬೋರ್ಡಿನ ಸ್ವಿಚ್ಚನ್ನೇ ಮುಂದಕ್ಕೆ ಎಳೆದು ತಂದರೆ ಆಗದೇ ಎಂದು ಹಲವರು ಕೇಳುತ್ತಾರೆ. ಹಳೆಯ ಆರ್ಕೇಡ್ ಯಂತ್ರಗಳಲ್ಲಿ ಹಾಗೆ ಮಾಡಬಹುದಿತ್ತು. ಅವುಗಳ ಬೋರ್ಡಿನಲ್ಲಿ ಆಟ ಓದಲು ಮಾತ್ರ ಬರುವ, ಕರೆಂಟು ಹೋದರೂ ಅಳಿಯದ ಚಿಪ್ಪುಗಳಲ್ಲಿ ಕೂತಿರುತ್ತಿತ್ತು. ಅಂಗಡಿಯವರು ರಾತ್ರಿ ಮೇನ್ ಎಳೆದರೆ ಏನೂ ಕೆಡುತ್ತಿರಲಿಲ್ಲ. ಕಂಪ್ಯೂಟರ್ ಹಾಗಲ್ಲ. ವಿಂಡೋಸ್ ಇರಲಿ ಲಿನಕ್ಸ್ ಇರಲಿ, ಹಿನ್ನೆಲೆಯಲ್ಲಿ ಸದಾ ಡಿಸ್ಕಿಗೆ ಏನನ್ನಾದರೂ ಬರೆಯುತ್ತಿರುತ್ತದೆ. ಬರೆಯುವ ನಡುವೆ ಕರೆಂಟು ತೆಗೆದರೆ ಇವತ್ತು ಕೆಡದಿದ್ದರೂ ಇಪ್ಪತ್ತನೆಯ ಸಲ ಫೈಲ್ ಸಿಸ್ಟಮ್ ಕೆಡಬಹುದು. ಹಳೆಯ ಆರ್ಕೇಡ್ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಮೇಮ್ ಎಮ್ಯುಲೇಟರ್ ಆಟದ ಸೆಟ್ಟಿಂಗು ಮತ್ತು ಸ್ಕೋರುಗಳಿರುವ ಎನ್‌ವಿರಾಮ್ ಫೈಲನ್ನು ಉಳಿಸುವುದೇ ಆಟದಿಂದ ಹೊರಬರುವಾಗ. ಹೊರಬರಲು ಬಿಡದೆ ಆರಿಸಿದರೆ ಅವತ್ತಿನ ಸ್ಕೋರು ಹೋಯಿತು.

ಆದ್ದರಿಂದ ಇಲ್ಲಿನ ಇಡೀ ವೈರಿಂಗ್ ಒಂದು ನಿಯಮದ ಮೇಲೆ ನಿಂತಿದೆ. ಗುಂಡಿ 230 ವೋಲ್ಟನ್ನು ಮುಟ್ಟುವುದೇ ಇಲ್ಲ. ಅದು ಮದರ್‌ಬೋರ್ಡಿಗೆ ಸೂಚನೆ ಮಾತ್ರ ಕೊಡುತ್ತದೆ. ಕಂಪ್ಯೂಟರ್ ಎದ್ದಾಗ ಅದರ ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿಗೆ ಕರೆಂಟು ಒದಗಿಸುವ ಡಬ್ಬಿ) ಬರುವ 12 ವೋಲ್ಟು ಒಂದು ರಿಲೇಯನ್ನು, ಅಂದರೆ ಸಣ್ಣ ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್ಚನ್ನು, ಎಳೆಯುತ್ತದೆ, ಆ ರಿಲೇ ಉಳಿದ ಸಾಧನಗಳಿಗೆ 230 ವೋಲ್ಟ್ ಕೊಡುತ್ತದೆ. ಕಂಪ್ಯೂಟರ್ ಪೂರ್ತಿ ಮಲಗಿದ ಮೇಲಷ್ಟೇ ಆ 12 ವೋಲ್ಟ್ ನಿಲ್ಲುತ್ತದೆ, ರಿಲೇ ಬಿಡುತ್ತದೆ, ಉಳಿದದ್ದೆಲ್ಲ ಆರುತ್ತದೆ.

ಸಾಮಾನು ತರುವ ಮೊದಲು ಪರದೆಯನ್ನು ಪರೀಕ್ಷಿಸಿ

ಪರದೆಯನ್ನು ಹಾಕಿ, ಕಂಪ್ಯೂಟರಿನ ಚಿತ್ರ ಬರುತ್ತಿರುವಾಗಲೇ ಗೋಡೆಯ ಸ್ವಿಚ್ಚಿನಲ್ಲಿ ಆರಿಸಿ. ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿ. ಚಿತ್ರ ತಾನಾಗಿ ಬಂದರೆ ಈ ಪರದೆಯನ್ನು ರಿಲೇಗೆ ಕೊಡಬಹುದು. ಕೆಂಪು ದೀಪ ಮಾತ್ರ ಹೊತ್ತಿ, ಅದರ ಗುಂಡಿಯನ್ನೋ ರಿಮೋಟನ್ನೋ ಒತ್ತುವ ತನಕ ಸುಮ್ಮನೆ ಕೂತರೆ ರಿಲೇ ಅದರ ಮಟ್ಟಿಗೆ ಪ್ರಯೋಜನಕ್ಕೆ ಬರುವುದಿಲ್ಲ. ಕಂಪ್ಯೂಟರ್ ಮಾನಿಟರುಗಳಲ್ಲಿ ಬಹಳಷ್ಟು ಹಿಂದಿನ ಸ್ಥಿತಿಯನ್ನು ನೆನಪಿಟ್ಟುಕೊಳ್ಳುತ್ತವೆ. ಟಿವಿಗಳಲ್ಲಿ ಅನೇಕವು ಸ್ಟ್ಯಾಂಡ್‌ಬೈಗೆ ಹೋಗಿ ನಿಲ್ಲುತ್ತವೆ. ಕೆಲವು ಟಿವಿಗಳ ಮೆನುವಿನಲ್ಲಿ ಕರೆಂಟು ಬಂದಾಗ ಏನು ಮಾಡಬೇಕೆಂಬ ಆಯ್ಕೆ ಇರುತ್ತದೆ, ಹುಡುಕಿ ನೋಡಿ. ಇಲ್ಲದಿದ್ದರೆ ಆ ಪರದೆಯನ್ನು ಸದಾ ಕರೆಂಟಿರುವ ಸಾಕೆಟ್ಟಿಗೇ ಹಾಕಿ. ಮಾನಿಟರಾದರೆ ಸಿಗ್ನಲ್ ನಿಂತೊಡನೆ ತಾನೇ ಮಲಗುತ್ತದೆ, ಬಂದೊಡನೆ ಏಳುತ್ತದೆ.

ಈ ಎರಡು ನಿಮಿಷದ ಪರೀಕ್ಷೆ ಬಿಟ್ಟು ಎಲ್ಲ ವೈರಿಂಗ್ ಮುಗಿಸಿದವರು ಕೊನೆಗೆ ಕ್ಯಾಬಿನೆಟ್ಟಿನ ಗಾಜು ಬಿಚ್ಚಿ ಮಾನಿಟರಿನ ಗುಂಡಿ ಹುಡುಕಬೇಕಾಗುತ್ತದೆ.

ಏನೇನು ಬೇಕು

ಮೊದಲು ಗುಂಡಿ. ಒತ್ತಿದಾಗ ಮಾತ್ರ ಸಂಪರ್ಕ ಕೊಟ್ಟು, ಬಿಟ್ಟರೆ ಬಿಡುವ ಜಾತಿಯದ್ದೇ ಬೇಕು. ಅಂಗಡಿಯಲ್ಲಿ ಮೊಮೆಂಟರಿ ಅಥವಾ ಪುಶ್-ಟು-ಆನ್ ಎಂದು ಕೇಳಿ. ಇದೇ ರೂಪದಲ್ಲಿ ಲ್ಯಾಚಿಂಗ್ ಗುಂಡಿಯೂ ಸಿಗುತ್ತದೆ, ಒಮ್ಮೆ ಒತ್ತಿದರೆ ಒಳಗೇ ಕಚ್ಚಿಕೊಳ್ಳುತ್ತದೆ. ಅದನ್ನು ತಂದರೆ ಕಂಪ್ಯೂಟರ್ ಎದ್ದು ಸುಮಾರು ನಾಲ್ಕು ಸೆಕೆಂಡಿಗೆ ಧೊಪ್ಪನೆ ಆರುತ್ತದೆ, ಏಕೆಂದರೆ ಮದರ್‌ಬೋರ್ಡಿನ ಲೆಕ್ಕದಲ್ಲಿ ಯಾರೋ ಗುಂಡಿಯನ್ನು ಒತ್ತಿಯೇ ಹಿಡಿದಿದ್ದಾರೆ, ಬಲವಂತವಾಗಿ ಆರಿಸಲು ಹೇಳುತ್ತಿದ್ದಾರೆ. ಮೊದಲ ಸಲ ಮಾಡುವವರು ಎಡವುವುದು ಹೆಚ್ಚಾಗಿ ಇಲ್ಲೇ. 16, 19 ಅಥವಾ 22 ಮಿ.ಮೀ. ತೂತಿಗೆ ಕೂರುವ ಲೋಹದ ಗುಂಡಿ ಒಳ್ಳೆಯದು. ಆಟದ ಗುಂಡಿಗಳಲ್ಲೇ ಒಂದು ಉಳಿದಿದ್ದರೆ ಅದೂ ಆಗುತ್ತದೆ. ಅದರ ಅಡಿಯ ಮೈಕ್ರೋಸ್ವಿಚ್ ಮೊಮೆಂಟರಿಯೇ.

ಎರಡನೆಯದು ರಿಲೇ. 12 ವೋಲ್ಟ್ ಡಿಸಿ ಕಾಯಿಲ್, ಎರಡು ಪೋಲ್, ಮೈಮೇಲೆ 10 ಆಂಪಿಯರ್ 250 ವೋಲ್ಟ್ ಎಸಿ ಎಂದು ಬರೆದದ್ದು, ಜೊತೆಗೆ ಅದರ ಡಿನ್ ರೈಲ್ (ಪ್ಯಾನೆಲ್ ಸಾಧನಗಳನ್ನು ಸಿಕ್ಕಿಸುವ ಲೋಹದ ಪಟ್ಟಿ) ಬೇಸು ಮತ್ತು ರಿಲೇ ಕಳಚದಂತೆ ಹಿಡಿಯುವ ಕ್ಲಿಪ್ಪು. ಫ್ಯಾಕ್ಟರಿಗಳ ಕಂಟ್ರೋಲ್ ಪ್ಯಾನೆಲ್‌ಗಳಲ್ಲಿ ಸಾಲಾಗಿ ಕೂತಿರುತ್ತದಲ್ಲ, ಪಾರದರ್ಶಕ ಪ್ಲಾಸ್ಟಿಕ್ ಕವಚದ್ದು, ಅದೇ. ಇದರ ಕಾಯಿಲ್ ಸುಮಾರು 75 ಮಿಲಿಆಂಪಿಯರ್ ಎಳೆಯುತ್ತದೆ, ಒಂದು ವಾಟಿಗಿಂತ ಕಡಿಮೆ. ಹವ್ಯಾಸಿಗಳ ನೀಲಿ ರಿಲೇ ಮಾಡ್ಯೂಲು ಅಗ್ಗ, ನಿಜ. ಆದರೆ ಅದರ 230 ವೋಲ್ಟಿನ ಬೆಸುಗೆಗಳು ಬೋರ್ಡಿನ ಅಡಿಯಲ್ಲಿ ಬೆತ್ತಲೆಯಾಗಿರುತ್ತವೆ. ಮರದ ಪೆಟ್ಟಿಗೆಯೊಳಗೆ, ಮಕ್ಕಳು ಆಡುವ ಯಂತ್ರದಲ್ಲಿ ಅದು ಬೇಡವೇ ಬೇಡ. ಸಾಲಿಡ್ ಸ್ಟೇಟ್ ರಿಲೇಯೂ ಇಲ್ಲಿಗೆ ಸರಿಹೋಗುವುದಿಲ್ಲ: ಆರಿದಾಗಲೂ ಅದರೊಳಗಿಂದ ಸ್ವಲ್ಪ ಕರೆಂಟು ಜಿನುಗಿ ಎಲ್‌ಇಡಿ ದೀಪ ಮಂಕಾಗಿ ಉರಿಯುತ್ತಿರುತ್ತದೆ, ಕೆಟ್ಟರೆ ಬಹುತೇಕ ಶಾರ್ಟ್ ಆಗಿಯೇ ಕೆಡುತ್ತದೆ, ಅಂದರೆ ಸದಾ ಆನ್.

ಉಳಿದದ್ದು ಸಣ್ಣಪುಟ್ಟ: 1ಎನ್4007 ಡಯೋಡು ಒಂದು. 1 ಆಂಪಿಯರ್ ಫ್ಯೂಸ್ ಇರುವ ಇನ್‌ಲೈನ್ ಹೋಲ್ಡರ್ ಒಂದು. ಫ್ಯೂಸ್ ಮತ್ತು ರಾಕರ್ ಸ್ವಿಚ್ ಕೂಡಿಯೇ ಇರುವ ಕಂಪ್ಯೂಟರ್ ಮಾದರಿಯ ಪವರ್ ಇನ್ಲೆಟ್ ಒಂದು, ಅದಕ್ಕೆ 5 ಆಂಪಿಯರಿನ ಸ್ಲೋ-ಬ್ಲೋ ಫ್ಯೂಸು. 6 ಆಂಪಿಯರಿನ ಮೂರು ಪಿನ್ ಸಾಕೆಟ್ಟು ನಾಲ್ಕು, ಅವು ಕೂರುವ ಪ್ಲಾಸ್ಟಿಕ್ ಬಾಕ್ಸು. ರಿಲೇಗೆ ಮುಚ್ಚಳವಿರುವ ಇನ್ನೊಂದು ಬಾಕ್ಸು, ಎರಡು ಬೆರಳಗಲದ ಡಿನ್ ರೈಲು, ವೈರು ಹೊರಬರುವಲ್ಲಿ ಕೇಬಲ್ ಗ್ಲ್ಯಾಂಡುಗಳು. ಐಎಸ್‌ಐ ಗುರುತಿನ 1 ಚದರ ಮಿ.ಮೀ. ತಾಮ್ರದ ವೈರು, ಕೆಂಪು, ಕಪ್ಪು, ಹಸಿರು ತಲಾ ಮೂರು ಮೀಟರ್. ಎಳೆವೈರಿನ ತುದಿಗೆ ಹಾಕುವ ಫೆರೂಲುಗಳು, ಅವನ್ನು ಅದುಮುವ ಇಕ್ಕಳ, ಒಂದು ಮಲ್ಟಿಮೀಟರು. ಬೆಂಗಳೂರಿನವರಿಗೆ ಗುಂಡಿ, ಡಯೋಡು, ಕನೆಕ್ಟರುಗಳೆಲ್ಲ ಎಸ್.ಪಿ. ರಸ್ತೆಯಲ್ಲಿ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಬೇರೆ ಊರಿನಲ್ಲಿ ರಿಲೇ ಸಿಗದಿದ್ದರೆ ಮೋಟಾರ್ ಪಂಪ್‌ಸೆಟ್ಟಿನ ಸ್ಟಾರ್ಟರ್, ಪ್ಯಾನೆಲ್ ಬೋರ್ಡು ಮಾಡುವ ಅಂಗಡಿಯಲ್ಲಿ ಕೇಳಿ.

ಗುಂಡಿಯಿಂದ ಮದರ್‌ಬೋರ್ಡಿಗೆ

ಕಂಪ್ಯೂಟರಿನ ಪ್ಲಗ್ ಕಿತ್ತು, ಮದರ್‌ಬೋರ್ಡಿನ ಅಂಚಿನಲ್ಲಿರುವ ಮುಂಫಲಕದ ಕಡ್ಡಿಗಳ ಗುಂಪನ್ನು ಹುಡುಕಿ. ಅತಿ ಸಾಮಾನ್ಯ ಜೋಡಣೆಯಲ್ಲಿ ಎರಡು ಸಾಲು, ಒಟ್ಟು 9 ಕಡ್ಡಿ, 10ನೆಯದರ ಜಾಗ ಖಾಲಿ. ಆ ಖಾಲಿ ಜಾಗವೇ ಗುರುತು. ಅದೇ ಸಾಲಿನಲ್ಲಿ 2 ಮತ್ತು 4 ಪವರ್ ಎಲ್‌ಇಡಿಗೆ, 6 ಮತ್ತು 8 ಪವರ್ ಸ್ವಿಚ್ಚಿಗೆ. ಎದುರು ಸಾಲಿನಲ್ಲಿ 1 ಮತ್ತು 3 ಹಾರ್ಡ್‌ಡಿಸ್ಕ್ ದೀಪಕ್ಕೆ, 5 ಮತ್ತು 7 ರೀಸೆಟ್ಟಿಗೆ. ಖಾಲಿ ಜಾಗದ ಎದುರಿಗಿರುವ 9ನೆಯದರಲ್ಲಿ ಕೆಲವು ಬೋರ್ಡುಗಳಲ್ಲಿ 5 ವೋಲ್ಟ್ ಇರುತ್ತದೆ, ಅದನ್ನು ಮುಟ್ಟಬೇಡಿ. ನಿಮ್ಮ ಬೋರ್ಡಿನ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯ ಮಾತೇ ಅಂತಿಮ.

ಸರಿಯಾದ ಜೋಡಿ ಇದೇ ಎಂದು ಖಚಿತವಾಗಬೇಕಾದರೆ ಪ್ಲಗ್ ಹಾಕಿ, ಮೀಟರನ್ನು ಡಿಸಿ ವೋಲ್ಟಿಗಿಟ್ಟು 6 ಮತ್ತು 8ರ ನಡುವೆ ಹಿಡಿಯಿರಿ. ಕಂಪ್ಯೂಟರ್ ಆರಿದ್ದಾಗಲೂ ಸುಮಾರು 3.3 ಅಥವಾ 5 ವೋಲ್ಟ್ ತೋರಿಸಬೇಕು. ಆಮೇಲೆ ಸಣ್ಣ ಸ್ಕ್ರೂಡ್ರೈವರಿನ ತುದಿಯಿಂದ ಎರಡನ್ನೂ ಒಂದು ಕ್ಷಣ ಕೂಡಿಸಿದರೆ ಫ್ಯಾನು ತಿರುಗಬೇಕು. ಇಷ್ಟಾದರೆ ಗುಂಡಿ ಮಾಡಬೇಕಾದ ಕೆಲಸ ಪೂರ್ತಿ ಇಷ್ಟೇ.

ವೈರಿಗೆ ಹಳೆಯ ಲ್ಯಾನ್ ಕೇಬಲಿನ ಒಂದು ಹೊಸೆದ ಜೋಡಿ ಸಾಕು, ಎರಡು ಮೀಟರ್ ಎಳೆದರೂ ತೊಂದರೆಯಿಲ್ಲ. ಆದರೆ ಕಂಟ್ರೋಲ್ ಪ್ಯಾನೆಲ್ ಕೀಲಿನ ಮೇಲೆ ತೆರೆದು ಮುಚ್ಚುವಂಥದ್ದಾದರೆ ಲ್ಯಾನ್ ಕೇಬಲಿನ ಒಂಟಿ ತಂತಿ ಬಾಗಿ ಬಾಗಿ ತುಂಡಾಗುತ್ತದೆ. ಅಲ್ಲಿ ಹಲವು ಎಳೆಯ ಮೃದು ವೈರೇ ಬೇಕು. ಮದರ್‌ಬೋರ್ಡಿನ ತುದಿಗೆ 2.54 ಮಿ.ಮೀ. ಅಂತರದ ಹೆಣ್ಣು ಕನೆಕ್ಟರ್ ಹಾಕಿ. ಹಳೆಯ ಕಂಪ್ಯೂಟರ್ ಡಬ್ಬಿಯ ಪವರ್ ಗುಂಡಿಯ ವೈರನ್ನೇ ಕತ್ತರಿಸಿ ಉದ್ದ ಮಾಡಿದರೆ ಇನ್ನೂ ಸುಲಭ. ಈ ಎರಡು ವೈರಿಗೆ ಪ್ಲಸ್ ಮೈನಸ್ ನೋಡುವ ಅಗತ್ಯವಿಲ್ಲ.

ಗುಂಡಿಯ ತುದಿಯಲ್ಲಿ ಮೈಕ್ರೋಸ್ವಿಚ್ಚಾದರೆ ಮೂರು ಕಾಲುಗಳಿರುತ್ತವೆ: ಕಾಮನ್, ಎನ್‌ಓ (ಒತ್ತಿದಾಗ ಸಂಪರ್ಕ ಕೊಡುವುದು), ಎನ್‌ಸಿ (ಒತ್ತಿದಾಗ ಸಂಪರ್ಕ ಬಿಡುವುದು). ಕಾಮನ್ ಮತ್ತು ಎನ್‌ಓ ನಮ್ಮವು. ಮೀಟರನ್ನು ಬೀಪ್ ಮಾಡುವ ಕಡೆಗಿಟ್ಟು, ಒತ್ತಿದಾಗ ಮಾತ್ರ ಬೀಪ್ ಬರುವ ಎರಡು ಕಾಲು ಯಾವುವೆಂದು ಗೊತ್ತುಮಾಡಿಕೊಳ್ಳಿ. ಎನ್‌ಸಿಗೆ ಹಾಕಿದರೆ ಲ್ಯಾಚಿಂಗ್ ಗುಂಡಿಯ ಗತಿಯೇ.

ಗುಂಡಿಯನ್ನು ಎಲ್ಲಿಡಬೇಕು? ಸ್ಟಾರ್ಟ್ ಗುಂಡಿಯ ಪಕ್ಕದಲ್ಲಂತೂ ಅಲ್ಲ. ಆಟದ ಭರದಲ್ಲಿ ಅಂಗೈ ಬಡಿದು ನಡುವಲ್ಲೇ ಶಟ್‌ಡೌನ್ ಆಗುತ್ತದೆ. ಕಂಟ್ರೋಲ್ ಪ್ಯಾನೆಲಿನ ಅಡಿಯ ಅಂಚು, ಕ್ಯಾಬಿನೆಟ್ಟಿನ ನೆತ್ತಿ, ಕಾಯಿನ್ ಡೋರಿನ ಪಕ್ಕ ಇವು ಚೆನ್ನ. ಮರದೊಳಗೆ ಎರಡು ಮೂರು ಮಿಲಿಮೀಟರ್ ತಗ್ಗಿಸಿ ಕೂರಿಸಿದರೆ ಮೊಣಕಾಲು ತಗಲಿ ಒತ್ತಿಹೋಗುವುದೂ ತಪ್ಪುತ್ತದೆ. ಗುಂಡಿಯೊಳಗೆ ದೀಪವಿದ್ದರೆ ಅದು 5 ವೋಲ್ಟಿಗಿಂತ ಕಡಿಮೆಯದೋ 12 ವೋಲ್ಟಿನದೋ ಎಂದು ನೋಡಿ. ಮದರ್‌ಬೋರ್ಡಿನ ಪವರ್ ಎಲ್‌ಇಡಿ ಕಡ್ಡಿಗಳಿಂದ 12 ವೋಲ್ಟಿನ ದೀಪ ಹೊತ್ತುವುದಿಲ್ಲ, ಅದಕ್ಕೆ ಮುಂದೆ ಹೇಳುವ ಹಳದಿ ವೈರಿನಿಂದಲೇ ಕೊಡಿ.

12 ವೋಲ್ಟ್ ಮತ್ತು ರಿಲೇಯ ಕಾಯಿಲ್

ಎಸ್‌ಎಂಪಿಎಸ್‌ನ ನಾಲ್ಕು ಪಿನ್ನಿನ ಮೊಲೆಕ್ಸ್ ಕನೆಕ್ಟರಿನಲ್ಲಿ ಹಳದಿ 12 ವೋಲ್ಟ್, ಕೆಂಪು 5 ವೋಲ್ಟ್, ನಡುವಿನ ಎರಡು ಕಪ್ಪು ಗ್ರೌಂಡ್. ಮೊಲೆಕ್ಸ್ ಇಲ್ಲದಿದ್ದರೆ ಸಾಟಾ ಕನೆಕ್ಟರಿನಿಂದ ಮೊಲೆಕ್ಸಿಗೆ ಬದಲಿಸುವ ಕೇಬಲ್ ಸಾಕು. ಸೆಕೆಂಡ್‌ಹ್ಯಾಂಡ್ ಆಫೀಸ್ ಕಂಪ್ಯೂಟರುಗಳಲ್ಲಿ, ಅದೂ ತೆಳ್ಳನೆಯ ಡಬ್ಬಿಯವುಗಳಲ್ಲಿ, ಇದೇ ದಾರಿ. ಯುಎಸ್‌ಬಿಯಿಂದ ಈ ಸೂಚನೆ ತೆಗೆಯಬೇಡಿ. ಕಂಪ್ಯೂಟರ್ ಆರಿದ ಮೇಲೂ ಸ್ಟ್ಯಾಂಡ್‌ಬೈ 5 ವೋಲ್ಟ್ ಹಲವು ಬೋರ್ಡುಗಳ ಯುಎಸ್‌ಬಿಯಲ್ಲಿ ಬರುತ್ತಲೇ ಇರುತ್ತದೆ, ರಿಲೇ ಬಿಡುವುದೇ ಇಲ್ಲ.

ಎಸ್‌ಎಂಪಿಎಸ್‌ನ ಸ್ವಂತ ಕನೆಕ್ಟರನ್ನು ಕತ್ತರಿಸದೆ, ಗಂಡು-ಹೆಣ್ಣು ತುದಿಯ ಎಕ್ಸ್‌ಟೆನ್ಶನ್ ಕೇಬಲ್ ಒಂದನ್ನು ತಂದು ಅದನ್ನು ಕತ್ತರಿಸಿ. ಹಳದಿಗೆ 1 ಆಂಪಿಯರ್ ಫ್ಯೂಸು, ಅಲ್ಲಿಂದ ರಿಲೇ ಕಾಯಿಲಿನ ಪ್ಲಸ್. ಕಪ್ಪು ನೇರ ಕಾಯಿಲಿನ ಮೈನಸ್. ಕೆಂಪನ್ನೂ ಉಳಿದ ಕಪ್ಪನ್ನೂ ಬೇರೆಬೇರೆಯಾಗಿ ಹೀಟ್ ಶ್ರಿಂಕ್ ಹಾಕಿ ಮುಚ್ಚಿ. ಬಳಕೆಯಲ್ಲಿರುವ ಎಂಟು ಪಿನ್ನಿನ ಬೇಸಿನಲ್ಲಿ ಸಾಮಾನ್ಯವಾಗಿ 13 ಮತ್ತು 14 ಕಾಯಿಲ್, 14 ಪ್ಲಸ್. ಎಲ್‌ಇಡಿ ಸೂಚಕವಿರುವ ರಿಲೇಯಲ್ಲಿ ಈ ಪ್ಲಸ್ ಮೈನಸ್ ಮುಖ್ಯ. ರಿಲೇಯ ಮೈಮೇಲೆ ಚಿತ್ರವಿರುತ್ತದೆ, ಅದನ್ನೇ ನಂಬಿ. ಅನುಮಾನವಿದ್ದರೆ ಓಮ್ ಅಳೆಯಿರಿ, ಸುಮಾರು 160 ಓಮ್ ತೋರಿಸುವ ಜೋಡಿಯೇ ಕಾಯಿಲ್.

ಕಾಯಿಲಿನ ಎರಡು ತುದಿಗೆ ಅಡ್ಡಲಾಗಿ ಡಯೋಡು ಬರಬೇಕು, ಬಿಳಿ ಪಟ್ಟಿಯಿರುವ ತುದಿ ಪ್ಲಸ್ಸಿನ ಕಡೆಗೆ. ಕಾಯಿಲ್ ಆರಿದ ಕ್ಷಣ ಅದರೊಳಗಿನ ಕಾಂತಶಕ್ತಿ ಹಿಮ್ಮುಖ ವೋಲ್ಟೇಜಾಗಿ ಚಿಮ್ಮುತ್ತದೆ, ಡಯೋಡು ಅದನ್ನು ತನ್ನೊಳಗೇ ತಿರುಗಿಸಿ ತಣಿಸುತ್ತದೆ. ಪಟ್ಟಿಯನ್ನು ತಿರುಗಾಮುರುಗಾ ಹಾಕಿದರೆ 12 ವೋಲ್ಟಿಗೆ ನೇರ ಶಾರ್ಟ್. ಫ್ಯೂಸ್ ಹೋಗುತ್ತದೆ, ಇಲ್ಲವೇ ಎಸ್‌ಎಂಪಿಎಸ್ ಫ್ಯಾನು ಒಂದು ಸಲ ನಡುಗಿ ನಿಲ್ಲುತ್ತದೆ.

ಹೆಸರಿನ ಫಲಕದ ದೀಪ 12 ವೋಲ್ಟಿನ ಎಲ್‌ಇಡಿ ಪಟ್ಟಿಯಾದರೆ ಅದಕ್ಕೆ ರಿಲೇ, ಸಾಕೆಟ್ಟು ಯಾವುದೂ ಬೇಡ. ಮೀಟರಿಗೆ 60 ಎಲ್‌ಇಡಿಯ 5050 ಪಟ್ಟಿ ಒಂದು ಮೀಟರಿಗೆ 14.4 ವಾಟ್, ಅಂದರೆ 1.2 ಆಂಪಿಯರ್. ಅರ್ಧ ಮುಕ್ಕಾಲು ಮೀಟರಷ್ಟೇ ಬೇಕಾಗುವ ಫಲಕಕ್ಕೆ ಇನ್ನೊಂದು ಹಳದಿ-ಕಪ್ಪು ಜೋಡಿಯಿಂದ 2 ಆಂಪಿಯರ್ ಫ್ಯೂಸಿನ ಮೂಲಕ ನೇರ ಕೊಡಿ. ಒಂದು ಅಡಾಪ್ಟರ್ ಕಡಿಮೆಯಾಯಿತು. ಆಂಪ್ಲಿಫೈಯರಿಗೂ ಹೀಗೇ ಮಾಡುವ ಆಸೆಯಾಗುತ್ತದೆ, ಆದರೆ ಗ್ರೌಂಡ್ ಸುತ್ತು ಬಳಸಿಕೊಂಡು ಮೌಸ್ ಆಡಿಸಿದಾಗೆಲ್ಲ ಸ್ಪೀಕರಿನಲ್ಲಿ ಕೀರಲು ಸದ್ದು ಬರುತ್ತದೆ. ಅದಕ್ಕೆ ಸ್ವಂತ ಅಡಾಪ್ಟರೇ ಇರಲಿ.

230 ವೋಲ್ಟಿನ ಭಾಗ

ಇಲ್ಲಿಂದ ಮುಂದೆ ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ಕಣ್ಣಿಗೆ ಕಾಣುವಂತೆ ಇಡಬೇಕು. ಮನೆಯ ವೈರಿಂಗಿನಲ್ಲಿ ಫೇಸ್ ನ್ಯೂಟ್ರಲ್ ಅದಲುಬದಲಾಗಿರುವುದು ನಮ್ಮಲ್ಲಿ ಅಪರೂಪವಲ್ಲ. ಆಗ ಸ್ವಿಚ್ ಆರಿಸಿದರೂ ಒಳಗಿನ ವೈರು ಜೀವಂತ. ರಿಲೇಯನ್ನು ಎರಡು ಪೋಲಿನದೇ ತನ್ನಿ ಎಂದದ್ದಕ್ಕೂ ಇದೇ ಕಾರಣ: ಫೇಸ್, ನ್ಯೂಟ್ರಲ್ ಎರಡನ್ನೂ ಅದು ಒಟ್ಟಿಗೆ ಕಡಿಯುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನೋ ಹಳೆಯ ಸಿಆರ್‌ಟಿ ಪರದೆಯ ಬೆನ್ನನ್ನೋ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅವು ಚಾರ್ಜ್ ಹಿಡಿದಿಟ್ಟುಕೊಂಡಿರುತ್ತವೆ. ಮನೆಯಲ್ಲಿ ಪ್ಲಗ್ ಟಾಪ್ ಬದಲಿಸಿ ಅಭ್ಯಾಸವಿಲ್ಲದವರು ಈ ಒಂದು ಭಾಗವನ್ನು ಪರಿಚಯದ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ಉಳಿದದ್ದು ನೀವೇ ಮಾಡಬಹುದು.

ದಾರಿ ಹೀಗೆ. ಇನ್ಲೆಟ್ಟಿನಿಂದ ಹೊರಟ ಫೇಸ್ ಮತ್ತು ನ್ಯೂಟ್ರಲ್ ಎರಡು ಕವಲಾಗುತ್ತವೆ. ಒಂದು ಕವಲು ನೇರ ಮೊದಲನೆಯ ಸಾಕೆಟ್ಟಿಗೆ. ಅದು ಕಂಪ್ಯೂಟರಿನದು, ಸದಾ ಕರೆಂಟಿರುವುದು. ಇನ್ನೊಂದು ಕವಲು ರಿಲೇಗೆ. ಮೇಲೆ ಹೇಳಿದ ಎಂಟು ಪಿನ್ನಿನ ಬೇಸಿನಲ್ಲಿ ಫೇಸ್ 9ಕ್ಕೆ, ನ್ಯೂಟ್ರಲ್ 12ಕ್ಕೆ. ರಿಲೇಯಿಂದ 5 ಮತ್ತು 8ರಲ್ಲಿ ಹೊರಬಂದು ಉಳಿದ ಮೂರು ಸಾಕೆಟ್ಟುಗಳಿಗೆ. 1 ಮತ್ತು 4 ಖಾಲಿ. ಅರ್ಥ್ ವೈರು ರಿಲೇಯ ಹತ್ತಿರಕ್ಕೂ ಹೋಗುವುದಿಲ್ಲ. ಇನ್ಲೆಟ್ಟಿನಿಂದ ನಾಲ್ಕೂ ಸಾಕೆಟ್ಟಿಗೆ ಎಲ್ಲೂ ತುಂಡಾಗದಂತೆ ಸಾಗಬೇಕು. ಕಾಯಿನ್ ಡೋರ್, ಲೋಹದ ಕಂಟ್ರೋಲ್ ಪ್ಯಾನೆಲ್, ಲೋಹದ ಗುಂಡಿ ಇದ್ದರೆ ಅವಕ್ಕೂ ಒಂದು ಹಸಿರು ವೈರು.

ವೈರಿನ ಎಳೆಗಳಿಗೆ ಸೀಸ ಹಿಡಿಸಿ ಸ್ಕ್ರೂ ಅಡಿ ಬಿಗಿಯಬೇಡಿ. ಮೃದುವಾದ ಸೀಸ ಒತ್ತಡಕ್ಕೆ ನಿಧಾನ ಹರಡಿ, ದಿನ ಕಳೆದಂತೆ ಸ್ಕ್ರೂ ಸಡಿಲಾಗಿ, ಜಾಯಿಂಟು ಬಿಸಿಯಾಗುತ್ತದೆ. ಫೆರೂಲು ಹಾಕಿ ಅದುಮಿ, ಬಿಗಿದ ಮೇಲೆ ಪ್ರತಿ ವೈರನ್ನೂ ಒಮ್ಮೆ ಎಳೆದು ನೋಡಿ. ಕೈಗೆ ಬರುವುದಾದರೆ ಈಗಲೇ ಬರಲಿ.

ಪರದೆ, ಆಂಪ್ಲಿಫೈಯರ್, ದೀಪ ಸೇರಿ 150 ವಾಟ್ ಎಂದುಕೊಂಡರೂ 230 ವೋಲ್ಟಿಗೆ ಅದು 0.65 ಆಂಪಿಯರ್. ಹಾಗಿದ್ದರೆ 10 ಆಂಪಿಯರ್ ರಿಲೇ ಏಕೆಂದರೆ, ಅಡಾಪ್ಟರುಗಳೊಳಗಿನ ಖಾಲಿ ಕೆಪಾಸಿಟರುಗಳು ಕರೆಂಟು ಬಂದ ಮೊದಲ ಕ್ಷಣದಲ್ಲಿ ಅದರ ಹತ್ತಾರು ಪಟ್ಟು ಎಳೆಯುತ್ತವೆ. ಸಣ್ಣ ರಿಲೇಯ ಸಂಪರ್ಕಗಳು ಆ ಕಿಡಿಗೆ ಬೆಸೆದುಕೊಂಡು ಅಂಟಿಬಿಡುತ್ತವೆ. ಸಾಧಾರಣ ಫ್ಯೂಸಿನ ಬದಲು ಸ್ಲೋ-ಬ್ಲೋ ಹಾಕುವುದೂ ಇದೇ ನೂಕಿಗಾಗಿ.

230 ವೋಲ್ಟಿನ ವೈರುಗಳು ಕ್ಯಾಬಿನೆಟ್ಟಿನ ಒಂದು ಗೋಡೆಯಲ್ಲಿ ಇಳಿಯಲಿ, ಗುಂಡಿ, ಯುಎಸ್‌ಬಿ, ಸ್ಪೀಕರ್ ವೈರುಗಳು ಎದುರು ಗೋಡೆಯಲ್ಲಿ. ದಾಟಲೇಬೇಕಾದಲ್ಲಿ ಅಡ್ಡಲಾಗಿ ದಾಟಲಿ.

ಬಯಾಸ್ ಮತ್ತು ಆಪರೇಟಿಂಗ್ ಸಿಸ್ಟಮ್

ಬಯಾಸಿನಲ್ಲಿ (ಕಂಪ್ಯೂಟರ್ ಏಳುವಾಗ ಮೊದಲು ಓಡುವ, ಮದರ್‌ಬೋರ್ಡಿನದೇ ಸೆಟ್ಟಿಂಗಿನ ಪ್ರೋಗ್ರಾಮು) ಕರೆಂಟು ಹೋಗಿ ಬಂದಾಗ ಏನು ಮಾಡಬೇಕೆಂಬ ಆಯ್ಕೆ ಇರುತ್ತದೆ, 'ರಿಸ್ಟೋರ್ ಆನ್ ಎಸಿ ಪವರ್ ಲಾಸ್' ಅಥವಾ ಅದಕ್ಕೆ ಹತ್ತಿರದ ಹೆಸರಿನಲ್ಲಿ. ಅದನ್ನು ಪವರ್ ಆಫ್ ಮಾಡಿ. ಪವರ್ ಆನ್ ಇಟ್ಟರೆ ರಾತ್ರಿ ಎರಡಕ್ಕೆ ಕರೆಂಟು ಹೋಗಿ ಬಂದಾಗ ನಡುಮನೆಯಲ್ಲಿ ಯಂತ್ರ ತಾನಾಗಿ ಎದ್ದು ಹಾಡತೊಡಗುತ್ತದೆ. ಇಆರ್‌ಪಿ ಎಂಬ ಆಯ್ಕೆ ಇದ್ದರೆ ಎನೇಬಲ್ ಮಾಡಿ, ಆರಿದ ಮೇಲೂ ಜಾಯ್‌ಸ್ಟಿಕ್ ಎನ್‌ಕೋಡರಿನ (ಜಾಯ್‌ಸ್ಟಿಕ್ಕು, ಗುಂಡಿಗಳನ್ನು ಯುಎಸ್‌ಬಿಗೆ ಜೋಡಿಸುವ ಬೋರ್ಡು) ದೀಪಗಳು ಮಿಣುಕುವುದು ನಿಲ್ಲುತ್ತದೆ. ಕೀಬೋರ್ಡಿನಿಂದ ಎಬ್ಬಿಸುವ ಸೌಲಭ್ಯ ಹೋಗುತ್ತದೆ, ಪವರ್ ಗುಂಡಿ ಮಾತ್ರ ಎಂದಿನಂತೆ ಕೆಲಸ ಮಾಡುತ್ತದೆ.

ವಿಂಡೋಸಿನಲ್ಲಿ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಶನ್ಸ್, 'ಚೂಸ್ ವಾಟ್ ದ ಪವರ್ ಬಟನ್ ಡಸ್' ಎಂಬಲ್ಲಿ ಹೋಗಿ ಶಟ್‌ಡೌನ್ ಆರಿಸಿ. ಸ್ಲೀಪ್ ಎಂದಿದ್ದರೆ ಗುಂಡಿ ಒತ್ತಿದಾಗ ಆರಿದಂತೆ ಕಾಣುತ್ತದೆ, ಆಮೇಲೆ ಯಾರೋ ಹಿಂದಿನ ರಾಕರ್ ಆರಿಸಿದರೆ ತೆರೆದಿದ್ದ ಆಟವೆಲ್ಲ ನಷ್ಟ. ಆಟ ತೆರೆದಿರುವಾಗ ಗುಂಡಿ ಒತ್ತಿದರೆ ವಿಂಡೋಸ್ 'ಈ ಪ್ರೋಗ್ರಾಮು ಮುಚ್ಚುತ್ತಿಲ್ಲ' ಎಂದು ಕೇಳುತ್ತ ನಿಲ್ಲುವುದುಂಟು. ಕೀಬೋರ್ಡ್ ಇಲ್ಲದ ಕ್ಯಾಬಿನೆಟ್ಟಿನಲ್ಲಿ ಉತ್ತರ ಕೊಡುವವರು ಯಾರು? ರಿಜಿಸ್ಟ್ರಿಯಲ್ಲಿ ಬಳಕೆದಾರರ ಕಂಟ್ರೋಲ್ ಪ್ಯಾನೆಲ್, ಡೆಸ್ಕ್‌ಟಾಪ್ ಶಾಖೆಯಲ್ಲಿ ಆಟೋಎಂಡ್‌ಟಾಸ್ಕ್ಸ್ ಮೌಲ್ಯವನ್ನು 1 ಮಾಡಿದರೆ ಕೇಳದೆ ಮುಚ್ಚುತ್ತದೆ. ಲಿನಕ್ಸಿನಲ್ಲಿ ಸಿಸ್ಟಮ್‌ಡಿ (ಸಿಸ್ಟಮ್ಮಿನ ಸೇವೆಗಳನ್ನು ನಡೆಸುವ ಪ್ರೋಗ್ರಾಮು) ಇದ್ದರೆ ಪವರ್ ಗುಂಡಿಗೆ ಶಟ್‌ಡೌನ್ ಆಗುವುದೇ ಮೂಲ ನಡವಳಿಕೆ. ಪೂರ್ತಿ ಡೆಸ್ಕ್‌ಟಾಪ್ ಹಾಕಿದ್ದರೆ ಅದು ಗುಂಡಿಯನ್ನು ತನ್ನ ಹತೋಟಿಗೆ ತೆಗೆದುಕೊಂಡು ಪ್ರಶ್ನೆ ಕೇಳಬಹುದು, ಅದರ ಪವರ್ ಸೆಟ್ಟಿಂಗಿನಲ್ಲಿ ಬದಲಿಸಿ.

ಮನೆಗೆ ಇನ್ವರ್ಟರ್ ಇದ್ದರೆ ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡಿಗಿಡಿ. ಸಾಮಾನ್ಯ ಮೋಡಿನಲ್ಲಿ ಕರೆಂಟು ಬದಲಾಗಲು ತಗಲುವ ಸಮಯವನ್ನು ಫ್ಯಾನು, ಟ್ಯೂಬ್‌ಲೈಟು ತಡೆಯುತ್ತವೆ, ಎಸ್‌ಎಂಪಿಎಸ್ ತಡೆಯುವುದಿಲ್ಲ. ಅದು ಹದಿನಾರು ಹದಿನೇಳು ಮಿಲಿಸೆಕೆಂಡಿನ ಮೇಲೆ ಹಿಡಿದು ನಿಲ್ಲುವ ಭರವಸೆಯಿಲ್ಲ.

ಮೊದಲ ಸಲ ಹಾಕುವ ಕ್ರಮ

1. ಪ್ಲಗ್ ಹಾಕುವ ಮೊದಲು ಮೀಟರನ್ನು ಬೀಪಿಗಿಟ್ಟು ಇನ್ಲೆಟ್ಟಿನ ಫೇಸ್-ನ್ಯೂಟ್ರಲ್ ನಡುವೆ, ಫೇಸ್-ಅರ್ಥ್ ನಡುವೆ ನೋಡಿ. ಎಲ್ಲೂ ಬೀಪ್ ಬರಬಾರದು. ಅರ್ಥ್‌ನಿಂದ ಪ್ರತಿ ಸಾಕೆಟ್ಟಿನ ದೊಡ್ಡ ತೂತಿಗೂ ಲೋಹದ ಭಾಗಗಳಿಗೂ ಬೀಪ್ ಬರಲೇಬೇಕು.

2. ಕಂಪ್ಯೂಟರ್ ಒಂದನ್ನೇ ಅದರ ಸಾಕೆಟ್ಟಿಗೆ ಹಾಕಿ, ಮುಚ್ಚಳಗಳನ್ನೆಲ್ಲ ಮುಚ್ಚಿ, ಕರೆಂಟು ಕೊಡಿ. ಏನೂ ಆಗಬಾರದು. ಗುಂಡಿ ಒತ್ತಿ: ರಿಲೇ 'ಟಕ್' ಎನ್ನಬೇಕು, ಫ್ಯಾನು ತಿರುಗಬೇಕು.

3. ಉಳಿದ ಸಾಕೆಟ್ಟೊಂದಕ್ಕೆ ಮೊಬೈಲ್ ಚಾರ್ಜರನ್ನೋ ನೈಟ್ ಲ್ಯಾಂಪನ್ನೋ ಹಾಕಿ ನೋಡಿ. ಗುಂಡಿ ಮತ್ತೊಮ್ಮೆ ಒತ್ತಿದಾಗ ಶಟ್‌ಡೌನ್ ಮುಗಿದ ಮೇಲೆಯೇ ಆ ದೀಪ ಆರಬೇಕು.

4. ಇದಾದ ಮೇಲೆ ಪರದೆ, ಆಂಪ್ಲಿಫೈಯರ್. ಒಂದು ಗಂಟೆ ಓಡಿಸಿ, ಪ್ಲಗ್ ಕಿತ್ತು, ರಿಲೇ ಬೇಸನ್ನೂ ಸ್ಕ್ರೂಗಳನ್ನೂ ಮುಟ್ಟಿ ನೋಡಿ. ರಿಲೇ ಸ್ವಲ್ಪ ಬೆಚ್ಚಗಿರುವುದು ಸಹಜ, ಕಾಯಿಲ್ ಬಿಸಿಯದು. ಯಾವುದಾದರೂ ಸ್ಕ್ರೂ ಮಾತ್ರ ಬಿಸಿಯಾಗಿದ್ದರೆ ಅಲ್ಲಿ ಜಾಯಿಂಟು ಸಡಿಲ.

ಕೈಕೊಡುವ ಜಾಗಗಳು

ಪರದೆ ಹೊತ್ತಿದರೂ ಚಿತ್ರ ಬರದಿದ್ದರೆ, ಅಥವಾ ಮಂಜುಮಂಜಾಗಿ ಕಡಿಮೆ ರೆಸಲ್ಯೂಶನ್ನಿನಲ್ಲಿ ಬಂದರೆ, ಕಂಪ್ಯೂಟರ್ ಎದ್ದ ಕ್ಷಣದಲ್ಲಿ ಪರದೆ ಇನ್ನೂ ತಯಾರಾಗಿರಲಿಲ್ಲ ಎಂದರ್ಥ. ಕಂಪ್ಯೂಟರ್ ಎದ್ದ ಮೇಲಷ್ಟೇ ರಿಲೇಯಿಂದ ಪರದೆಗೆ ಕರೆಂಟು ಸಿಗುತ್ತದೆ, ತಯಾರಾಗಲು ಅದಕ್ಕೆ ಎರಡು ಮೂರು ಸೆಕೆಂಡು ಬೇಕು. ತನ್ನ ಗುರುತು ಹೇಳುವ ಇಡಿಐಡಿ ಚಿಪ್ಪಿಗೆ ಎಚ್‌ಡಿಎಂಐ ಕೇಬಲಿನ 5 ವೋಲ್ಟೇ ಸಾಕಾಗುವುದರಿಂದ ಬಹಳಷ್ಟು ಮಾನಿಟರುಗಳಲ್ಲಿ ಈ ತೊಂದರೆ ಇಲ್ಲ. ಇದ್ದರೆ ಬಯಾಸಿನಲ್ಲಿ ಫಾಸ್ಟ್ ಬೂಟ್ ತೆಗೆದು ಲೋಗೋ ಸಮಯ ಐದು ಸೆಕೆಂಡ್ ಹೆಚ್ಚಿಸಿ. ಆಗಲೂ ಬಗ್ಗದಿದ್ದರೆ ಕೇಬಲಿನ ನಡುವೆ ಹಾಕುವ ಇಡಿಐಡಿ ಎಮ್ಯುಲೇಟರ್ ಒಂದು ತನ್ನಿ.

ರಿಲೇ ಬಿಟ್ಟಾಗ ಸ್ಪೀಕರಿನಲ್ಲಿ ಪಟ್ ಎನ್ನುವುದು ಕಿಡಿಯ ಗದ್ದಲ. 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಎಕ್ಸ್2 ಕೆಪಾಸಿಟರ್ ಕೂಡಿದ ಸ್ನಬ್ಬರ್ ಇದಕ್ಕೆ ಮದ್ದು. ಅದನ್ನು ರಿಲೇ ಸಂಪರ್ಕದ ಮೇಲೆ ಅಡ್ಡಲಾಗಿ ಹಾಕಬೇಡಿ. ಹಾಗೆ ಹಾಕಿದರೆ 230 ವೋಲ್ಟಿನಲ್ಲಿ ಸುಮಾರು 7 ಮಿಲಿಆಂಪಿಯರ್ ಸದಾ ಜಿನುಗುತ್ತದೆ, ಎಲ್‌ಇಡಿ ಬಲ್ಬು ರಾತ್ರಿಯಿಡೀ ಮಂಕಾಗಿ ಮಿಟುಕುತ್ತದೆ. ರಿಲೇಯಾಚೆ, ಸಾಕೆಟ್ಟುಗಳ ಫೇಸ್-ನ್ಯೂಟ್ರಲ್ ನಡುವೆ ಹಾಕಿ.

ಕಂಪ್ಯೂಟರ್ ಆರಿದರೂ ಪರದೆ ಆರದಿದ್ದರೆ ಮೂರು ಸಾಧ್ಯತೆ. ರಿಲೇಯ ಎಲ್‌ಇಡಿ ಆರಿದ್ದರೆ ಸಂಪರ್ಕ ಅಂಟಿದೆ, ರಿಲೇ ಬದಲಿಸಿ. ಎಲ್‌ಇಡಿ ಉರಿಯುತ್ತಿದ್ದರೆ ಕಂಪ್ಯೂಟರ್ ನಿಜಕ್ಕೂ ಆರಿಲ್ಲ, ಮಾಡರ್ನ್ ಸ್ಟ್ಯಾಂಡ್‌ಬೈನಂಥ ನಿದ್ದೆಯಲ್ಲಿದೆ. ಮೂರನೆಯದು ಸರಳ: ಪರದೆಯ ಪ್ಲಗ್ಗನ್ನು ಯಾರೋ ಮೊದಲ ಸಾಕೆಟ್ಟಿಗೆ ಹಾಕಿದ್ದಾರೆ. ಸಾಕೆಟ್ಟುಗಳ ಮೇಲೆ ಮಾರ್ಕರಿನಲ್ಲಿ ಬರೆದಿಟ್ಟರೆ ಇದು ತಪ್ಪುತ್ತದೆ.

ಮಿನಿ ಕಂಪ್ಯೂಟರ್, ರಾಸ್ಪ್‌ಬೆರಿ ಪೈ ಇದ್ದರೆ

ಅಡಾಪ್ಟರಿನಲ್ಲಿ ಓಡುವ ಮಿನಿ ಪಿಸಿಯಲ್ಲಿ ಮೊಲೆಕ್ಸ್ ಇರುವುದಿಲ್ಲ. ಅಲ್ಲಿ ಬಯಾಸಿನಲ್ಲಿ ಇಆರ್‌ಪಿ ಹಾಕಿ, ಆರಿದಾಗ ಯುಎಸ್‌ಬಿಯಲ್ಲಿ ವೋಲ್ಟೇಜ್ ಸೊನ್ನೆಯಾಗುತ್ತದೆಯೇ ಎಂದು ಮೀಟರಿನಲ್ಲಿ ಅಳೆದು ಖಚಿತವಾದರೆ ಮಾತ್ರ, 5 ವೋಲ್ಟ್ ಕಾಯಿಲಿನ ರಿಲೇಯನ್ನು ಯುಎಸ್‌ಬಿಯಿಂದ ಎಳೆಯಬಹುದು. ಕಾಯಿಲ್ ಎಷ್ಟು ಎಳೆಯುತ್ತದೆಂದು ನೋಡಿಕೊಳ್ಳಿ. ಯುಎಸ್‌ಬಿ 2 ಪೋರ್ಟಿನ ಮಿತಿ 500 ಮಿಲಿಆಂಪಿಯರ್.

ರಾಸ್ಪ್‌ಬೆರಿ ಪೈ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್. ಪೈ 4ರ ತನಕದ ಬೋರ್ಡುಗಳಲ್ಲಿ ಗುಂಡಿಯನ್ನು 5ನೆಯ ಮತ್ತು 6ನೆಯ ಪಿನ್ನಿಗೆ, ಅಂದರೆ ಜಿಪಿಐಓ 3 ಮತ್ತು ಗ್ರೌಂಡಿಗೆ ಹಾಕಿ, ಕಾನ್ಫಿಗ್ ಫೈಲಿನಲ್ಲಿ ಜಿಪಿಐಓ-ಶಟ್‌ಡೌನ್ ಓವರ್‌ಲೇ ಸೇರಿಸಿದರೆ ಅದೇ ಗುಂಡಿ ಶಟ್‌ಡೌನ್ ಮಾಡುತ್ತದೆ, ಮಲಗಿದ್ದಾಗ ಎಬ್ಬಿಸುತ್ತದೆ. ಆ ಪಿನ್ನು ಐಸ್ಕ್ವೇರ್‌ಸಿಯ (ಚಿಪ್ಪುಗಳು ಪರಸ್ಪರ ಮಾತಾಡುವ ತಂತಿಜೋಡಿ) ಕ್ಲಾಕ್ ಕೂಡ ಆದ್ದರಿಂದ ಐಸ್ಕ್ವೇರ್‌ಸಿ ಬಳಸುವ ಡಿಸ್‌ಪ್ಲೇ ಅಥವಾ ಸೌಂಡ್ ಬೋರ್ಡು ಹಾಕಿದ್ದರೆ ಜಗಳ ಬರುತ್ತದೆ. 2023ರಲ್ಲಿ ಬಂದ ಪೈ 5ರಲ್ಲಿ ಗುಂಡಿ ಬೋರ್ಡಿನ ಮೇಲೇ ಇದೆ, ಹೊರಗಿನ ಗುಂಡಿಗೆ ವೈರು ಬೆಸೆಯಲು ಜೆ2 ಎಂಬ ಎರಡು ತೂತುಗಳೂ ಇವೆ. ಪೈಯ 5 ವೋಲ್ಟ್ ಪಿನ್ನು ಆರಿದ ಮೇಲೂ ಜೀವಂತವಾಗಿರಬಹುದು. ರಿಲೇಗೆ ಅದನ್ನು ಬಳಸುವ ಮೊದಲು ಮೇಲಿನಂತೆಯೇ ಮೀಟರ್ ಹಿಡಿದು ನೋಡಿ.

ಕೆಲಸ ಮುಗಿದ ಮೇಲೆ ಯಾವ ಬಣ್ಣದ ವೈರು ಎಲ್ಲಿಗೆ, ರಿಲೇಯ ಯಾವ ಸಂಖ್ಯೆಗೆ ಏನು, ಎಷ್ಟು ಆಂಪಿಯರಿನ ಫ್ಯೂಸು ಎಂದು ಒಂದು ಹಾಳೆಯಲ್ಲಿ ಬರೆದು ಹಿಂಬಾಗಿಲಿನ ಒಳಮೈಗೆ ಅಂಟಿಸಿ, ಪಕ್ಕದಲ್ಲೇ ಎರಡು ಬಿಡಿ ಫ್ಯೂಸುಗಳನ್ನು ಟೇಪಿನಲ್ಲಿ ಹಚ್ಚಿಡಿ.